ಚಿನ್ನದಂಗಡಿ ದಾಟಿದರೆ ಗುಡಾರದ ಬೀದಿ

ಅಮೆರಿಕ ಅಂದ ಕೂಡಲೇ ನಮಗೆಲ್ಲ ಏನು ನೆನಪಿಗೆ ಬರುತ್ತೆ ಹೇಳಿ? ಮುಗಿಲು ಮುಟ್ಟುವ ಕಟ್ಟಡ, ಮನೆಗೆರಡು ಕಾರು, ಗುಂಡಿ ಒತ್ತಿದರೆ ಪಾತ್ರೆ ತೊಳೆದುಕೊಡುವ ಯಂತ್ರ. ಇವೆಲ್ಲ ಇರುವುದು ನಿಜವೇ. ಆದರೆ ಅದೇ ದೇಶದಲ್ಲಿ 2024ರ ಜನವರಿಯ ಒಂದು ರಾತ್ರಿ ಎಣಿಸಿದಾಗ ಮನೆಯಿಲ್ಲದವರು 7,71,480 ಮಂದಿ ಇದ್ದರು ಅಂದರೆ ನಂಬ್ತೀರಾ? ಲಾಸ್ ಏಂಜಲಿಸ್‌ನಲ್ಲಿರುವ ತಂಗಿಯ ಮನೆಗೆ ಹೋಗಿದ್ದಾಗ ಇಂಥವರ ಬೀದಿಗಳನ್ನು ನೋಡಿಬಂದೆ. ಕಂಡದ್ದು, ಕೇಳಿ ತಿಳಿದದ್ದು ನಿಮಗೂ ಹೇಳೋಣ ಅಂತ ಬರೆಯುತ್ತಿದ್ದೇನೆ.

ಆ ಊರಿನ ಹಳೇ ಪೇಟೆಗೆ ಡೌನ್‌ಟೌನ್ ಅನ್ನುತ್ತಾರೆ. ಅಲ್ಲಿ ಹಿಲ್ ಸ್ಟ್ರೀಟ್, ಬ್ರಾಡ್‌ವೇ ಸುತ್ತಮುತ್ತ ಸಾಲುಸಾಲಾಗಿ ಚಿನ್ನ, ವಜ್ರದ ಅಂಗಡಿಗಳು. ಪಕ್ಕದಲ್ಲೇ ಬಟ್ಟೆ ಪೇಟೆ. ಥಾನುಗಟ್ಟಲೆ ಬಟ್ಟೆ, ಲೇಸು, ಗುಂಡಿ, ಜರಿ ಅಂಚು, ನೋಡಿದಷ್ಟೂ ಮುಗಿಯದು. ಅಲ್ಲಿಂದ ನಾಲ್ಕು ಹೆಜ್ಜೆ ಪೂರ್ವಕ್ಕೆ ನಡೆದರೆ ಬೇರೆಯೇ ಲೋಕ. ಅದರ ಹೆಸರು ಸ್ಕಿಡ್ ರೋ. ಸುಮಾರು ಐವತ್ತು ಬೀದಿಚೌಕಗಳಷ್ಟು ಜಾಗ. ಕಾಲುದಾರಿಯ ಉದ್ದಕ್ಕೂ ಗುಡಾರ, ನೀಲಿ ತಾಡಪಾಲು, ಅಂಗಡಿಯ ತಳ್ಳುಗಾಡಿಯಲ್ಲಿ ತುಂಬಿಟ್ಟ ಹೊದಿಕೆ, ತಟ್ಟೆ ಲೋಟ. ವಯಸ್ಸಾದ ಹೆಂಗಸೊಬ್ಬಳು ತನ್ನ ಗುಡಾರದ ಮುಂದಿನ ಎರಡು ಮೊಳ ನೆಲವನ್ನು ಪೊರಕೆ ಹಿಡಿದು ಗುಡಿಸುತ್ತಿದ್ದಳು. ತಲೆಯೆತ್ತಿದರೆ ನಗರಸಭೆಯ ಬಿಳೀ ಗೋಪುರ ಅಲ್ಲೇ ಹತ್ತಿರದಲ್ಲಿ ಕಾಣುತ್ತೆ.

ಇದು ನಿನ್ನೆ ಮೊನ್ನೆ ಆದದ್ದಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ರೈಲು ಬಂದು ನಿಲ್ಲುತ್ತಿದ್ದ ಜಾಗ ಇದು. ಕೂಲಿ ಹುಡುಕಿ ಬಂದ ಗಂಡಸರಿಗಾಗಿ ಅಗ್ಗದ ಕೋಣೆಗಳ ಹೋಟೆಲುಗಳು ಎದ್ದವು. ಆಮೇಲೆ, 1950ರಿಂದ 70ರವರೆಗೆ, ಹಳೆಯ ಕಟ್ಟಡ, ಬೆಂಕಿಯ ಭಯ ಅಂತ ಎಷ್ಟೋ ಹೋಟೆಲುಗಳನ್ನು ಕೆಡವಿದರು. ಬಡವರಿಗೆ ಎಟುಕುತ್ತಿದ್ದ ಸಾವಿರಾರು ಕೋಣೆಗಳು ಹೋದವು. 1976ರಲ್ಲಿ ನಗರಾಡಳಿತ ಗಂಜಿಕೇಂದ್ರ, ಆಶ್ರಯಕೇಂದ್ರಗಳೆಲ್ಲ ಇದೊಂದೇ ಕಡೆ ಇರಲಿ ಅಂತ ತೀರ್ಮಾನಿಸಿತು. ದಿಕ್ಕಿಲ್ಲದವರೆಲ್ಲ ಇಲ್ಲಿಗೇ ಬಂದು ಸೇರಿದರು.

"ಕುಡುಕರು, ಸೋಮಾರಿಗಳು ಇರಬೇಕು ಬಿಡಿ" ಅಂತೀರೇನೋ. ಅಂಥವರೂ ಇದ್ದಾರೆ, ಮನಸ್ಸಿನ ಕಾಯಿಲೆಯವರೂ ಇದ್ದಾರೆ. ಆದರೆ ಲೆಕ್ಕ ಹಾಕಿ ನೋಡಿ. ತಾಸಿಗೆ 17 ಡಾಲರ್ ಕೂಲಿ ಅಂದುಕೊಳ್ಳಿ. ವಾರಕ್ಕೆ 40 ತಾಸು ದುಡಿದರೆ ತಿಂಗಳಿಗೆ ಸುಮಾರು 2,900 ಡಾಲರ್. ತೆರಿಗೆ ಅದರಲ್ಲೇ ಹೋಗಬೇಕು. ಒಂದು ಮಲಗುವ ಕೋಣೆಯ ಮನೆಗೆ ಬಾಡಿಗೆ ಸುಮಾರು 2,000 ಡಾಲರ್! ಸಂಬಳದ ನೂರಕ್ಕೆ ಮೂವತ್ತು ಪಾಲಿಗಿಂತ ಹೆಚ್ಚು ಬಾಡಿಗೆಗೆ ಹೋಗಬಾರದು ಅಂತ ಅಲ್ಲಿನ ಸರ್ಕಾರವೇ ಹೇಳುತ್ತೆ. ಉಳಿದದ್ದರಲ್ಲಿ ಊಟ, ಬಸ್ಸು, ಔಷಧಿ ಹೇಗೆ ತೂಗಿಸುತ್ತೀರಿ? ಬಾಡಿಗೆಗೆ ಸರ್ಕಾರದ ನೆರವೇನೋ ಉಂಟು. ಆದರೆ ಅರ್ಹವಾದ ನಾಲ್ಕು ಸಂಸಾರಗಳಲ್ಲಿ ಸರಿಸುಮಾರು ಒಂದಕ್ಕಷ್ಟೇ ಸಿಗುತ್ತೆ.

ತಂಗಿಯ ಮನೆ ಹತ್ತಿರ ನಾಣ್ಯ ಹಾಕಿ ಬಟ್ಟೆ ಒಗೆದುಕೊಳ್ಳುವ ಅಂಗಡಿಯಿದೆ. ಅಲ್ಲಿ ಕಪ್ಪು ಜನಾಂಗದ ಹೆಣ್ಣುಮಗಳೊಬ್ಬಳ ಪರಿಚಯವಾಯಿತು. ನನ್ನ ಇಂಗ್ಲಿಷು ಅಷ್ಟಕ್ಕಷ್ಟೇ, ತಂಗಿಯೇ ಮಾತಾಡಿಸಿದಳು. ಮುದುಕರನ್ನು ನೋಡಿಕೊಳ್ಳುವ ಕೆಲಸ ಅವಳದು. ಬಾಡಿಗೆ ಏರಿತು, ಕೆಲಸದ ತಾಸು ಕಡಿಮೆಯಾಯಿತು, ಒಂದು ತಿಂಗಳು ಬಾಕಿ ನಿಂತಿತು. ಬಾಗಿಲಿಗೆ ಮೂರು ದಿನದ ನೋಟೀಸು ಅಂಟಿತು, ಆಮೇಲೆ ಕೋರ್ಟು. ಒಮ್ಮೆ ಕೋರ್ಟಿನಿಂದ ಮನೆ ಬಿಡಿಸಿದ್ದಾರೆ ಅಂತ ತಿಳಿದರೆ ಬೇರೆ ಮಾಲೀಕರು ಮನೆ ಕೊಡಲು ಹಿಂದೇಟು ಹಾಕುತ್ತಾರೆ. ಈಗ ತಾಯಿ ಮಗಳು ಮಲಗುವುದು ಕಾರಿನಲ್ಲಿ. ಸ್ನಾನಕ್ಕೆ ತಿಂಗಳಿಗಿಷ್ಟು ಅಂತ ಕೊಟ್ಟು ವ್ಯಾಯಾಮಶಾಲೆ. ಹೋಂವರ್ಕು ಬೀದಿದೀಪದ ಕೆಳಗೆ. ಮನೆ ವಿಳಾಸವಿಲ್ಲ ಅಂತ ಮಗುವನ್ನು ಶಾಲೆಯಿಂದ ಹೊರಗಿಡುವ ಹಾಗಿಲ್ಲ ಅನ್ನುವ ಕಾನೂನು 1987ರಲ್ಲೇ ಬಂದಿದೆ, ಅದೊಂದು ಪುಣ್ಯ. "ರಾತ್ರಿ ಯಾರಾದರೂ ಗಾಜು ಬಡಿದರೆ ಮಗಳು ಬೆಚ್ಚಿಬೀಳುತ್ತಾಳೆ" ಅಂದಳು. ಆ ಮಾತಿಗೆ ನಾವಿಬ್ಬರೂ ಏನೂ ಹೇಳಲಾಗಲಿಲ್ಲ.

ಲಾಸ್ ಏಂಜಲಿಸ್ ಜಿಲ್ಲೆಯಲ್ಲಿ 2024ರ ಎಣಿಕೆಯಂತೆ ಮನೆಯಿಲ್ಲದವರು 75,312. ಅವರಲ್ಲಿ ಸುಮಾರು 52 ಸಾವಿರ ಜನಕ್ಕೆ ಆಶ್ರಯಕೇಂದ್ರದ ಹಾಸಿಗೆಯೂ ಇಲ್ಲ. ಅಲ್ಲಿಯ ಜನಸಂಖ್ಯೆಯಲ್ಲಿ ಕಪ್ಪು ಜನರು ಹತ್ತರಲ್ಲಿ ಒಬ್ಬರಿಗಿಂತ ಕಡಿಮೆ; ಮನೆಯಿಲ್ಲದವರಲ್ಲಿ ಮೂವರಲ್ಲಿ ಒಬ್ಬರಿಗೆ ಹತ್ತಿರ. ಇದಕ್ಕೂ ಕಾರಣವಿದೆ. ಕಪ್ಪು ಜನರಿಗೆ ಮಾರಕೂಡದು ಅಂತ ಹಿಂದೆ ಮನೆಪತ್ರದಲ್ಲೇ ಬರೆಸುತ್ತಿದ್ದರಂತೆ. ಅಂಥ ಕರಾರನ್ನು ಕೋರ್ಟುಗಳು ಜಾರಿ ಮಾಡಬಾರದು ಅಂತ ಸುಪ್ರೀಂ ಕೋರ್ಟು 1948ರಲ್ಲಿ ಹೇಳಿತು. ಮನೆ ಕೊಡುವಾಗ ಬಣ್ಣ ನೋಡಬಾರದು ಅಂತ ಕಾನೂನು ಬಂದದ್ದು 1968ರಲ್ಲಿ. ಅಜ್ಜಿಗೆ ಮನೆ ಇಲ್ಲದಿದ್ದರೆ ಮೊಮ್ಮಗಳಿಗೆ ಎಲ್ಲಿಂದ ಬರಬೇಕು? ಹೊರಗೆ ಮಲಗುವವರಿಗೆ ಊರಿನವರು ದಂಡ ಹಾಕಬಹುದು ಅಂತ 2024ರ ಜೂನ್‌ನಲ್ಲಿ ಅದೇ ಕೋರ್ಟು ತೀರ್ಪು ಕೊಟ್ಟಿದೆ. ಬಾಡಿಗೆಗೇ ದುಡ್ಡಿಲ್ಲದವರು ದಂಡ ಎಲ್ಲಿಂದ ಕಟ್ಟುತ್ತಾರೋ!

ಒಳ್ಳೆಯದೂ ಇದೆ, ಕೇಳಿ. ಸ್ಕಿಡ್ ರೋದಲ್ಲೇ ಜಿಲ್ ಹಾಲ್ವರ್ಸನ್ ಎಂಬ ಮಹಿಳೆ 1978ರಲ್ಲಿ ಹೆಂಗಸರಿಗೆಂದೇ ಒಂದು ಕೇಂದ್ರ ತೆರೆದರು. ಹಗಲು ಬಂದು ಸ್ನಾನ ಮಾಡಿ, ಉಂಡು, ಭಯವಿಲ್ಲದೆ ಒಂದು ಗಳಿಗೆ ಕೂರುವ ಜಾಗ. ಮುಂದೆ ಅಲ್ಲೇ ಕಾಯಂ ಆಗಿ ಇರಲು ಕೋಣೆಗಳೂ ಆದವು. ಅಲ್ಲಿನ ಹೆಂಗಸರು ಮೇಣದಬತ್ತಿ, ಸಾಬೂನು ತಯಾರಿಸಿ ಮಾರುತ್ತಾರೆ. ಹ್ಯೂಸ್ಟನ್ ನಗರದಲ್ಲಂತೂ "ಮೊದಲು ಮನೆ, ಚಿಕಿತ್ಸೆ ಕೆಲಸ ಎಲ್ಲ ಆಮೇಲೆ" ಅನ್ನುವ ಕ್ರಮ ಹಿಡಿದು, 2011ರಿಂದ ಹತ್ತು ಹನ್ನೊಂದು ವರ್ಷದಲ್ಲಿ ಮನೆಯಿಲ್ಲದವರನ್ನು ಅರ್ಧಕ್ಕಿಂತ ಕಡಿಮೆ ಮಾಡಿದ್ದಾರೆ. ಮನಸ್ಸು ಮಾಡಿದರೆ ಆಗುವ ಕೆಲಸವೇ ಅಂತಾಯಿತು.

ಬೀದಿಯಲ್ಲಿ ಮಲಗಿದವರನ್ನು ಕಂಡರೆ "ದುಡಿದು ತಿನ್ನೋಕೆ ಏನು ಧಾಡಿ?" ಅನ್ನುವ ಮಾತು ನಮ್ಮ ನಾಲಗೆ ತುದಿಯಲ್ಲೇ ಇರುತ್ತೆ. ಅನ್ನುವ ಮೊದಲು ಆ ಊರಿನಲ್ಲಿ ಕೂಲಿ ಎಷ್ಟು, ಬಾಡಿಗೆ ಎಷ್ಟು ಅಂತ ಒಂದು ಸಲ ಕೇಳಿ. ಮನೆ ಖರ್ಚು ತೂಗಿಸಿ ಗೊತ್ತಿರುವ ನಮಗೆ ಉತ್ತರ ಬೇಗ ತಿಳಿಯುತ್ತೆ.