ಲಕ್ಕಮ್ಮನವರ ಅಂಕಿತ ಮತ್ತು ನಮ್ಮ ಭಾನುವಾರಗಳು



ಆಯ್ದಕ್ಕಿ ಲಕ್ಕಮ್ಮನವರ ವಚನಗಳ ವಿವರಣೆಯನ್ನು ಈ ವಾರವೂ ಮುಂದುವರಿಸಬೇಕಾಗಿತ್ತು. ಪೂಜ್ಯರ ಅಪ್ಪಣೆ ಪಡೆದು, ಅದಕ್ಕೆ ಬದಲಾಗಿ ನನ್ನ ಮನೆಯದೇ ಆದ ಒಂದು ಪ್ರಸಂಗವನ್ನು ತಮ್ಮ ಮುಂದಿಡುತ್ತಿದ್ದೇನೆ. ಗಂಡಹೆಂಡಿರು ಭಾನುವಾರದ ಸಂಜೆ ತಿರುಗಾಡಲು ಹೋಗುವುದು ಇದರ ವಿಷಯ. ವಚನ ಚಿಂತನೆಯಲ್ಲಿ ಇದಕ್ಕೇನು ಸ್ಥಾನ ಎಂದು ಹಿರಿಯರು ಕೇಳಬಹುದು. ಲಕ್ಕಮ್ಮನವರ ಅಂಕಿತದ ಅರ್ಥ ನನಗೆ ಹೊಳೆದದ್ದು ಹಲಸೂರು ಕೆರೆಯ ದಂಡೆಯಲ್ಲಿ. ಆ ದಾರಿಯನ್ನು ಮುಚ್ಚಿಟ್ಟು ಅರ್ಥವನ್ನಷ್ಟೇ ಹೇಳಿದರೆ ಅದು ಪ್ರಾಮಾಣಿಕವಾಗಲಾರದು.

ಆ ದಂಪತಿಗಳ ಚರಿತ್ರೆ ತಮಗೆಲ್ಲ ತಿಳಿದದ್ದೇ. ರಾಯಚೂರು ಜಿಲ್ಲೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದವರು. ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಜಂಗಮ ದಾಸೋಹ ನಡೆಸುವುದು ಅವರ ಕಾಯಕ. ಒಂದು ದಿನ ಮಾರಯ್ಯನವರು ಅನುಭಾವದ ಗೋಷ್ಠಿಯಲ್ಲಿ ಮೈಮರೆತು ಕುಳಿತಿರಲು, ಕಾಯಕದ ಹೊತ್ತು ಮೀರುತ್ತಿದೆ ಎಂದು ಎಚ್ಚರಿಸಿ ಕಳುಹಿಸಿದವರು ಲಕ್ಕಮ್ಮ. ಅವರು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರಲು ಹೇಳಿದವರೂ ಅವರೇ. ಎಂ.ಎ. ಪರೀಕ್ಷೆಯಲ್ಲಿ ಇದನ್ನು ಕಾಯಕನಿಷ್ಠೆ, ಅಪರಿಗ್ರಹ ಎಂಬ ಎರಡು ಶೀರ್ಷಿಕೆಗಳಡಿ ಬರೆದು ಒಳ್ಳೆಯ ಅಂಕಗಳನ್ನೇ ಪಡೆದಿದ್ದೆ. ಗೋಷ್ಠಿಯಲ್ಲಿ ಮೈಮರೆತು ಕುಳಿತ ಗಂಡನ ಜಾಗದಲ್ಲಿ ನಾನೇ ಇದ್ದೇನೆ ಎಂಬುದು ಬಹಳ ವರ್ಷಗಳವರೆಗೆ ನನಗೆ ಕಾಣಲಿಲ್ಲ.

ಕೃಷ್ಣರಾಜಪುರದಲ್ಲಿ ನಮ್ಮದು ಎರಡು ಕೋಣೆಗಳ ಬಾಡಿಗೆ ಮನೆ. ನನ್ನ ಪತ್ನಿ ಇಂದಿರಾನಗರದ ಒಂದು ಕಚೇರಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಾಳೆ. ಅವಳಿಗೆ ಬಿಡುವು ಭಾನುವಾರ ಮಾತ್ರ. ಶ್ರೀಮಠದಲ್ಲಿ ಭಕ್ತರು ಹೆಚ್ಚಾಗಿ ಬರುವುದೂ ಅಂದೇ. ಚಿಂತನಗೋಷ್ಠಿ, ಅದರ ನಂತರ ಗ್ರಂಥಾಲಯ, ಕರಡು ತಿದ್ದುವ ಕೆಲಸ. ಮನೆ ಸೇರುವಾಗ ರಾತ್ರಿಯಾಗುತ್ತಿತ್ತು. "ಎಲ್ಲಾದರೂ ಹೋಗಿ ಬರೋಣ" ಎಂದು ಅವಳು ಕೇಳಿದಾಗಲೆಲ್ಲ "ಮುಂದಿನ ವಾರ" ಎನ್ನುತ್ತಿದ್ದೆ. ಹಾಗೆಂದರೆ ಪೂರ್ತಿ ನಿಜ ಹೇಳಿದಂತಾಗಲಿಲ್ಲ. ತಿರುಗಾಟ, ಹೋಟೆಲು, ಸಿನಿಮಾ ಇವೆಲ್ಲ ಹೊತ್ತು ಹೋಗದವರ ಕೆಲಸವೆಂಬ ಒಣಹೆಮ್ಮೆ ನನ್ನೊಳಗಿತ್ತು. ಒಂದೆರಡು ಸಲ ಅವಳ ಮಾತಿಗೆ ವಚನವನ್ನೇ ಉತ್ತರವಾಗಿ ಹೇಳಿದ್ದೂ ಉಂಟು. ಶರಣರ ಮಾತನ್ನು ಹೆಂಡತಿಯ ಬಾಯಿ ಮುಚ್ಚಿಸಲು ಬಳಸಿದ್ದನ್ನು ಈಗ ನೆನೆದರೆ ನಾಚಿಕೆಯಾಗುತ್ತದೆ.

2023ರ ಮೇ ತಿಂಗಳು. ಅವಳ ಸಹೋದ್ಯೋಗಿಯೊಬ್ಬರ ವಿವಾಹ ವಾರ್ಷಿಕೋತ್ಸವದ ಪಾರ್ಟಿ ಇಂದಿರಾನಗರದ ಒಂದು ಹೋಟೆಲಿನ ಮಹಡಿಯ ಮೇಲೆ ಏರ್ಪಾಡಾಗಿತ್ತು. ಒಂದು ಕಾಲಕ್ಕೆ ಮನೆಗಳೇ ಸಾಲಾಗಿದ್ದ ನೂರಡಿ ರಸ್ತೆ ಇಂದು ಅಂಗಡಿ, ಹೋಟೆಲುಗಳಿಂದ ತುಂಬಿ ಹೋಗಿದೆ. ಅವಳು ಮದುವೆಯ ಇಳಕಲ್ ಸೀರೆ ಉಟ್ಟು ಬಂದಿದ್ದಳು. ನಾನು ಮಠದಿಂದ ನೇರವಾಗಿ ಹೋಗಿ, ಹಣೆಯ ವಿಭೂತಿಯೊಡನೆ ಒಂದು ಮೂಲೆಯಲ್ಲಿ ಹಣ್ಣಿನ ರಸದ ಲೋಟ ಹಿಡಿದು, ಯಾರೂ ಹತ್ತಿರ ಬಾರದಂಥ ಮುಖ ಮಾಡಿಕೊಂಡು ಕುಳಿತೆ. ಊಟಕ್ಕೆ ಮುನ್ನ ದಂಪತಿಗಳಿಗೆಂದು ಒಂದು ಆಟ ಇಟ್ಟರು. ಹೆಂಡತಿಗೆ ಎಲ್ಲಿಗೆ ಹೋಗುವ ಆಸೆ ಎಂಬುದನ್ನು ಗಂಡ ಒಂದು ಚೀಟಿಯಲ್ಲಿ ಬರೆಯಬೇಕು, ಹೆಂಡತಿ ಇನ್ನೊಂದರಲ್ಲಿ ಬರೆಯಬೇಕು. ಎರಡೂ ಹೊಂದಿದರೆ ಬಹುಮಾನ. ನಾನು ಬರೆದದ್ದು ಕೂಡಲಸಂಗಮ. ಅವಳ ಚೀಟಿಯಲ್ಲಿದ್ದದ್ದು: ಹಲಸೂರು ಕೆರೆ, ದೋಣಿ.

ಎಲ್ಲರೂ ನಕ್ಕರು. ಅದು ಕೆಟ್ಟ ನಗೆಯಲ್ಲ. ನನಗೆ ಮಾತ್ರ ತಡೆಯಲಾಗಲಿಲ್ಲ. "ಇಂಥ ಆಟಗಳಿಗೆ ನಮ್ಮ ಮನೆಯಲ್ಲಿ ಪುರುಸೊತ್ತಿಲ್ಲ" ಎಂದುಬಿಟ್ಟೆ. ನಗೆ ನಿಂತಿತು. ಆತಿಥ್ಯ ವಹಿಸಿದ್ದವರ ಮುಖ ಸಣ್ಣದಾಯಿತು. ನನ್ನ ಪತ್ನಿ ಚೀಟಿಯನ್ನು ಮಡಚಿ ಪರ್ಸಿನೊಳಗೆ ಇಟ್ಟುಕೊಂಡಳು.

ಆಗ ನಮ್ಮ ಕಡೆಗೆ ಮೆಟ್ರೊ ರೈಲಿನ ಹಳಿ ಇನ್ನೂ ಕೂಡಿರಲಿಲ್ಲ. ಅದೇ ವರ್ಷದ ಮಾರ್ಚಿಯಲ್ಲಿ ಕೃಷ್ಣರಾಜಪುರದಿಂದ ವೈಟ್‌ಫೀಲ್ಡಿಗೆ ರೈಲು ಆರಂಭವಾಗಿತ್ತಾದರೂ, ಬೈಯಪ್ಪನಹಳ್ಳಿಗೂ ಕೃಷ್ಣರಾಜಪುರಕ್ಕೂ ನಡುವೆ ಬೆನ್ನಿಗಾನಹಳ್ಳಿಯ ಬಳಿ ಕೆಲಸ ಮುಗಿಯದೆ ನಿಂತಿತ್ತು. ಆದಕಾರಣ ಬೈಯಪ್ಪನಹಳ್ಳಿಯಲ್ಲಿ ರೈಲು ಇಳಿದು ಬಸ್ಸು ಹತ್ತಬೇಕಾಗಿತ್ತು. ರೈಲಿನಲ್ಲಿ ಅವಳು ಮಾತನಾಡಲಿಲ್ಲ. ಬಸ್ಸು ತೂಗುಸೇತುವೆಯನ್ನು ಏರುವಾಗ ಕೇಳಿದಳು: "ಲಕ್ಕಮ್ಮ ತನ್ನ ಅಂಕಿತದಲ್ಲಿ ಗಂಡನ ಹೆಸರು ಇಟ್ಕೊಂಡಿದ್ದಾಳೆ ಅಂತ ಮೊನ್ನೆ ಬರೀತಿದ್ರಲ್ಲ. ಮಾರಯ್ಯ ತನ್ನ ಅಂಕಿತದಲ್ಲಿ ಅವಳ ಹೆಸರು ಇಟ್ಕೊಂಡಿದ್ದಾನಾ?"

ಇಲ್ಲ. ಮಾರಯ್ಯನವರ ಅಂಕಿತ ಅಮರೇಶ್ವರಲಿಂಗ. ಲಕ್ಕಮ್ಮನವರದು ಮಾರಯ್ಯಪ್ರಿಯ ಅಮರೇಶ್ವರಲಿಂಗ. ಮೋಳಿಗೆ ಮಾರಯ್ಯನವರ ಅಂಕಿತ ನಿಃಕಳಂಕ ಮಲ್ಲಿಕಾರ್ಜುನ ಎಂದಿದ್ದರೆ, ಪತ್ನಿ ಮಹಾದೇವಿಯವರ ಅಂಕಿತ ಎನ್ನಯ್ಯಪ್ರಿಯ ಎಂದು ತೊಡಗುತ್ತದೆ. ಹಡಪದ ಅಪ್ಪಣ್ಣನವರ ಪತ್ನಿ ಲಿಂಗಮ್ಮನವರ ಅಂಕಿತವೂ ಅಪ್ಪಣ್ಣಪ್ರಿಯ ಎಂದೇ ಮೊದಲಾಗುವಂಥದು. ಇದನ್ನೆಲ್ಲ ಬಸ್ಸಿನಲ್ಲಿಯೇ ಸವಿಸ್ತಾರವಾಗಿ ವಿವರಿಸಿದೆ. ಕೇಳಿದ ಪ್ರಶ್ನೆಗೆ ಉತ್ತರಿಸುತ್ತಿದ್ದೇನೆ ಎಂದೇ ತಿಳಿದಿದ್ದೆ. ಅವಳು "ಹೂಂ" ಎಂದು ಕಿಟಕಿಯ ಕಡೆ ತಿರುಗಿದಳು.

ಅಂದಿನಿಂದ ಅವಳು ಕೇಳುವುದನ್ನು ನಿಲ್ಲಿಸಿದಳು. ಭಾನುವಾರ ಸಂಜೆ ಗೆಳತಿಯರೊಡನೆ ಹೊರಟು, ಅಡುಗೆ ಮುಚ್ಚಿಟ್ಟು, ಎಲ್ಲಿಗೆ ಹೋಗುತ್ತೇನೆಂದು ಕ್ಯಾಲೆಂಡರಿನ ಮೇಲೆ ಬರೆದಿಟ್ಟು ಹೋಗುತ್ತಿದ್ದಳು. ಜಗಳವಾಡಿದ್ದರೆ ಸಮಾಧಾನವಿರುತ್ತಿತ್ತು. ಮೂರನೆಯ ಭಾನುವಾರ ನಾನು ಗ್ರಂಥಾಲಯದಲ್ಲಿ ಒಂದೇ ಪುಟದ ಕರಡನ್ನು ಮತ್ತೆ ಮತ್ತೆ ಓದುತ್ತ ಕುಳಿತಿದ್ದಾಗ ಪೂಜ್ಯರು ಬಂದು, "ಮಾರಯ್ಯನವರೇ, ಗೋಷ್ಠಿ ಇನ್ನೂ ಮುಗಿಯಲಿಲ್ಲವೇ?" ಎಂದರು. ನನ್ನ ಹೆಸರು ಮಾರಯ್ಯನಲ್ಲ. ಸಂಗತಿಯನ್ನೆಲ್ಲ ಅರಿಕೆ ಮಾಡಿಕೊಂಡೆ. ಅವರು ಉಪದೇಶವೇನನ್ನೂ ಕೊಡಲಿಲ್ಲ. ಗ್ರಂಥಾಲಯದ ಕೀಲಿ ಕೇಳಿ ಪಡೆದು, "ಭಾನುವಾರ ಮಧ್ಯಾಹ್ನದ ಮೇಲೆ ಇದು ನಮ್ಮ ಹತ್ತಿರ ಇರಲಿ" ಎಂದು ಹೊರಟುಹೋದರು.

ಮುಂದಿನ ಭಾನುವಾರ, "ಹಲಸೂರಿಗೆ ಹೋಗೋಣವೇ?" ಎಂದು ನಾನೇ ಕೇಳಿದೆ. ಅವಳು ಬಹಳ ಹೊತ್ತು ನನ್ನ ಮುಖ ನೋಡಿ, "ಮಠದಲ್ಲಿ ಏನಾದ್ರೂ ಆಯ್ತಾ?" ಎಂದಳು.

ಮೊದಲು ಸೋಮೇಶ್ವರ ದೇವಾಲಯಕ್ಕೆ ಹೋದೆವು. ಇಷ್ಟಲಿಂಗ ಧರಿಸಿದವನಿಗೆ ಸ್ಥಾವರದ ಗುಡಿಯಲ್ಲೇನು ಕೆಲಸವೆಂದು ಕೇಳುವವರಿದ್ದಾರೆ, ಕೇಳಲಿ. ನಾನು ಹೋದದ್ದು ಶಿಲ್ಪ ನೋಡಲು. ಅವಳು ಯಾವ ಸಂಕೋಚವೂ ಇಲ್ಲದೆ ಕೈಮುಗಿದಳು. ನಾಲ್ವತ್ತೆಂಟು ಕಂಬಗಳ ತೆರೆದ ಮಂಟಪವುಳ್ಳ ಆ ಗುಡಿಯಲ್ಲಿ ಕೈಲಾಸವನ್ನೆತ್ತುವ ರಾವಣನಿದ್ದಾನೆ, ಗಿರಿಜಾಕಲ್ಯಾಣದ ಕೆತ್ತನೆಯಿದೆ, ನಾವು ಪುರಾತನರೆಂದು ಗೌರವಿಸುವ ಶಿವಭಕ್ತರ ಶಿಲ್ಪಗಳೂ ಇವೆ. ಅವುಗಳನ್ನು ನೋಡುತ್ತ ಹರಿಹರ ಕವಿ ರಗಳೆಯಲ್ಲಿ ಹಾಡಿದ ನಂಬಿಯಣ್ಣನ ಕಥೆ ನೆನಪಾಯಿತು. ತಮಿಳಿನ ಪೆರಿಯಪುರಾಣವೂ ಹೇಳುವ ಕಥೆಯದು. ಪರವೆಯನ್ನು ಮದುವೆಯಾಗಿದ್ದ ನಂಬಿ ಪರಸ್ಥಳದಲ್ಲಿ ಇನ್ನೊಂದು ಮದುವೆ ಮಾಡಿಕೊಂಡು ಹಿಂದಿರುಗಿದಾಗ ಪರವೆ ಬಾಗಿಲು ತೆರೆಯಲಿಲ್ಲ. ಬೇರೆ ದಾರಿ ಕಾಣದೆ ಅವನು ಶಿವನ ಮೊರೆಹೋದ. ಶಿವನೇ ತಿರುವಾರೂರಿನ ಬೀದಿಯಲ್ಲಿ ಅರ್ಧರಾತ್ರಿ ರಾಯಭಾರಿಯಾಗಿ ನಡೆದು ಹೋದ. ಮೊದಲ ಸಲ ಒಪ್ಪಿಗೆ ಸಿಗದೆ ಬಂದು, ಎರಡನೆಯ ಸಲ ಹೋಗಿ ಒಪ್ಪಿಸಿದ.

"ಶಿವನೇ ಹೋದನಾ? ನಮ್ಮ ಮನೆಗೆ ಸ್ವಾಮಿಗಳು ಕೀಲಿ ಇಸ್ಕೊಂಡು ಕಳಿಸಬೇಕಾಯ್ತು" ಎಂದು ಅವಳು ನಕ್ಕಳು. ಕೀಲಿಯ ಸಮಾಚಾರ ಅವಳಿಗೆ ಹೇಗೆ ತಿಳಿಯಿತೋ, ಈವರೆಗೂ ಹೇಳಿಲ್ಲ.

ಅಲ್ಲಿಂದ ಕೆರೆಯ ಕಡೆ ನಡೆದೆವು. ಹಲಸಿನ ಮರಗಳಿಂದ ಊರಿಗೆ ಆ ಹೆಸರು ಬಂತೆನ್ನುತ್ತಾರೆ. ಕೆರೆಯ ನಡುವೆ ಹಸಿರು ದ್ವೀಪಗಳಿವೆ. ಒಂದು ಮಗ್ಗುಲಲ್ಲಿ ಗುರುದ್ವಾರದ ಗುಮ್ಮಟ ಕಾಣುತ್ತದೆ, ಹತ್ತಿರದಲ್ಲಿಯೇ ಸೈನ್ಯದ ಮದ್ರಾಸ್ ಇಂಜಿನಿಯರ್ ಗ್ರೂಪಿನ ಆವರಣವಿದೆ. ನಾವು ಹೋದ ದಿನ ದೋಣಿ ಇರಲಿಲ್ಲ. ಸುಟ್ಟ ಮುಸುಕಿನ ಜೋಳ ಕೊಂಡು ದಂಡೆಯ ಮೇಲೆ ಕುಳಿತೆವು. ಈ ಕೆರೆಯೇ ಏಕೆ ಎಂದು ಕೇಳಿದೆ. ಅವಳ ತಂದೆ ಒಮ್ಮೆ ಬೆಂಗಳೂರಿಗೆ ಯಾವುದೋ ಕೆಲಸಕ್ಕೆ ಬಂದವರು ಅವಳನ್ನೂ ಕರೆತಂದಿದ್ದರಂತೆ. ಆಗ ಅವಳಿಗೆ ಏಳು ವರ್ಷ. ಇಲ್ಲಿ ದೋಣಿ ಹತ್ತಿಸುತ್ತೇನೆ ಎಂದಿದ್ದರು, ಊರಿನ ಬಸ್ಸಿಗೆ ಹೊತ್ತಾಯಿತೆಂದು ಹತ್ತಿಸಲಿಲ್ಲ. ಮುಂದಿನ ಸಲ ಎಂದರು. ನಮ್ಮ ಮದುವೆಗೆ ಮೊದಲೇ ಅವರು ಲಿಂಗೈಕ್ಯರಾದರು.

"ಮುಂದಿನ ಸಲ" ಎಂಬ ಮಾತು ಆಕೆಗೆ ಎಲ್ಲಿ ನಾಟುತ್ತದೆಂಬುದು ನನಗೆ ಅಂದು ತಿಳಿಯಿತು. ಅದನ್ನೇ ಮೂರು ವರ್ಷ, ವಾರವಾರವೂ ಹೇಳಿದ್ದೆ.

ಅಂಕಿತದ ಅರ್ಥ ಹೊಳೆದದ್ದೂ ಆಗಲೇ. ಮಾರಯ್ಯಪ್ರಿಯ ಎಂಬುದನ್ನು ಪತಿಭಕ್ತಿಯ ವಿಶೇಷಣವೆಂದು ನಾನು ಬರೆದುಕೊಂಡಿದ್ದೆ. ಪದವನ್ನು ನೇರವಾಗಿ ನೋಡಿದರೆ ಅದು ಮಾರಯ್ಯನಿಗೆ ಪ್ರಿಯವಾದ ಅಮರೇಶ್ವರಲಿಂಗ ಎಂದಾಗುತ್ತದೆ. ಇವನಿಗೆ ಪ್ರಿಯವಾದುದು ಯಾವುದು ಎಂದು ಬಲ್ಲವರು ಮಾತ್ರ ಹೀಗೆ ಅಂಕಿತ ಹಾಕಬಲ್ಲರು. ಲಕ್ಕಮ್ಮನವರು ಬಲ್ಲವರಾಗಿದ್ದರು, ಆದ್ದರಿಂದಲೇ ಗೋಷ್ಠಿಯಿಂದ ಎಬ್ಬಿಸುವ, ಅಕ್ಕಿಯನ್ನು ಹಿಂದಕ್ಕೆ ಕಳುಹಿಸುವ ಅಧಿಕಾರ ಅವರಿಗಿತ್ತು. ಮಾರಯ್ಯನವರು ಎರಡು ಸಲವೂ ಎದುರಾಡದೆ ಎದ್ದು ನಡೆದರಲ್ಲ, ಆಕೆಯನ್ನು ಅವರು ಎಷ್ಟು ಬಲ್ಲವರೆಂಬುದಕ್ಕೆ ನನಗೆ ಅದೇ ಸಾಕ್ಷಿ. ವಿದ್ವಾಂಸರು ಈ ಅರ್ಥವನ್ನು ಒಪ್ಪದಿರಬಹುದು. ಕೂಡಲಸಂಗಮ ಎಂದು ಚೀಟಿಯಲ್ಲಿ ಬರೆದವನಿಗೆ ಬೇರೆ ಅರ್ಥ ಕಾಣಿಸಲಿಲ್ಲ.

ಅನಂತರದ ಭಾನುವಾರಗಳನ್ನೆಲ್ಲ ಇಲ್ಲಿ ವಿವರಿಸುವ ಅಗತ್ಯವಿಲ್ಲ. ಒಮ್ಮೆ ಗುರುದ್ವಾರದೊಳಕ್ಕೂ ಹೋದೆವು. ತಲೆಗೆ ವಸ್ತ್ರ ಸುತ್ತಿಕೊಂಡು, ನೆಲದ ಮೇಲೆ ಸಾಲಿನಲ್ಲಿ ಕುಳಿತು, ಲಂಗರಿನ ರೊಟ್ಟಿ ಬೇಳೆ ಉಂಡೆವು. ನಮ್ಮ ಪಕ್ಕದಲ್ಲಿ ಒಬ್ಬ ಆಟೊ ಚಾಲಕ, ಆಚೆಗೆ ಕಾರಿನಲ್ಲಿ ಬಂದ ಕುಟುಂಬ. "ಇದು ನಿಮ್ಮ ದಾಸೋಹವೇ ಅಲ್ವೇನ್ರೀ" ಎಂದಳು. ಪಾತ್ರೆ ತೊಳೆಯಲು ಇಬ್ಬರೂ ಕುಳಿತೆವು. ಅವಳ ಮುಂದೆ ನನ್ನ ಕೈಯ ವೇಗ ಸಾಲಲಿಲ್ಲ.

2023ರ ಅಕ್ಟೋಬರ್ 9ರಂದು ಬೈಯಪ್ಪನಹಳ್ಳಿ ಮತ್ತು ಕೃಷ್ಣರಾಜಪುರದ ನಡುವಣ ಹಳಿ ಕೂಡಿಕೊಂಡಿತು. ಆ ವಾರದ ಭಾನುವಾರ ಯಾವ ಕೆಲಸವೂ ಇಲ್ಲದೆ ಆ ರೈಲಿನಲ್ಲಿ ಹೋಗಿ ಬಂದೆವು. ಹಲಸೂರು ಈಗ ನಮ್ಮ ನಿಲ್ದಾಣದಿಂದ ಐದನೆಯದು.

ಡಿಸೆಂಬರಿನಲ್ಲಿ ಶಿವಾಜಿನಗರಕ್ಕೆ ಹೊರಟಾಗ ಮಠದ ಹಿರಿಯ ಭಕ್ತರೊಬ್ಬರು, "ದಂಡಿನ ಕಡೆ ಯಾಕಪ್ಪಾ?" ಎಂದರು. ಬ್ರಿಟಿಷರು 1809ರಲ್ಲಿ ದಂಡನ್ನು ನೆಲೆಗೊಳಿಸಿದಂದಿನಿಂದ ಪೇಟೆಯವರಿಗೆ ಅದು ಬೇರೆಯೇ ಊರು. 1949ರಲ್ಲಿ ಎರಡೂ ಒಂದೇ ನಗರಪಾಲಿಕೆಯಾದರೂ ಹಿರಿಯರ ಮಾತಿನಲ್ಲಿ ಇನ್ನೂ ಒಂದಾಗಿಲ್ಲ. ಶಿವಾಜಿನಗರದ ಹಳೆಯ ಹೆಸರು ಬ್ಲಾಕ್‌ಪಳ್ಳಿ. ಅದು ಬಿಳಿ ಅಕ್ಕಿ ಪಳ್ಳಿ ಎಂಬುದರ ಅಪಭ್ರಂಶವೆಂದು ಹೇಳುವವರಿದ್ದಾರೆ, ಅಕ್ಕಿಯಲ್ಲ ಹಕ್ಕಿ ಎನ್ನುವವರೂ ಇದ್ದಾರೆ. ಆಯ್ದಕ್ಕಿಯ ದಂಪತಿಗಳನ್ನು ಓದುತ್ತಿರುವ ನನಗೆ ಅಕ್ಕಿಯೇ ಇರಲಿ ಎಂಬ ಪಕ್ಷಪಾತ. 1927ರಲ್ಲಿ ಕಟ್ಟಿದ, 2012ರಲ್ಲಿ ಬೆಂಕಿಗೆ ತುತ್ತಾಗಿ ಮತ್ತೆ ತಲೆಯೆತ್ತಿದ ರಸೆಲ್ ಮಾರುಕಟ್ಟೆಯ ಬಳಿ ಅವರೆಕಾಯಿ ರಾಶಿ ಬಿದ್ದಿತ್ತು. ಉರ್ದು, ತಮಿಳು, ಕನ್ನಡ ಮೂರರಲ್ಲೂ ಕೂಗುತ್ತಿದ್ದರು. ಹಿಂದಿನದನ್ನೆಲ್ಲ ಒಮ್ಮೆಗೇ ತೀರಿಸುವ ಉತ್ಸಾಹದಲ್ಲಿ ನಾನು ನಾಲ್ಕು ಕೆಜಿ ತೂಗಿಸಿದೆ. ಅವಳು ಚೀಲ ಇಸಿದುಕೊಂಡು, "ಇಬ್ಬರಿಗೆ ಇಷ್ಟ್ಯಾಕೆ? ಒಂದು ಸಾಕು" ಎಂದು ಮೂರು ಕೆಜಿಯನ್ನು ರಾಶಿಗೇ ಸುರಿದಳು.

ನಾನು ಸುಮ್ಮನೆ ನಿಂತಿದ್ದೆ.

"ಬಾಯಿ ಬಿಡಬೇಡಿ" ಎಂದಳು, "ನಿಮಗೆ ಏನು ಜ್ಞಾಪಕಕ್ಕೆ ಬಂತು ಅಂತ ನನಗೆ ಗೊತ್ತು."

ಮುಂದಿನ ವಾರದಿಂದ ಲಕ್ಕಮ್ಮನವರ ವಚನಗಳ ವಿವರಣೆ ಎಂದಿನಂತೆ ಮುಂದುವರಿಯುವುದು. ಗ್ರಂಥಾಲಯದ ಕೀಲಿ ಈಗಲೂ ಪೂಜ್ಯರ ಬಳಿಯೇ ಇದೆ. ಪುಸ್ತಕ ಬೇಕಾದ ಭಕ್ತರು ಭಾನುವಾರ ಮಧ್ಯಾಹ್ನದೊಳಗೇ ದಯಮಾಡಿಸಬೇಕಾಗಿ ವಿನಂತಿ.