ತೊಳೆಯದ ಲೋಟ

ನಮ್ಮೂರ ಹೋಟ್ಲಿನ ಒಳಗೆ ಬೆಂಚು, ಊರವರಿಗೆ. ಹೊರಗೆ ಸೂರಿಗೆ ಸಿಕ್ಕಿಸಿದ ಮೂರು ಲೋಟ, ನಮ್ಮ ಕೇರಿಗೆ. ನಾವೇ ತಗೋಬೇಕು, ಮೇಲಿಂದ ಹುಯ್ದ ಟೀ ಕುಡೀಬೇಕು, ತೊಳೆದು ಅಲ್ಲೇ ಸಿಕ್ಕಿಸಬೇಕು. ನಮ್ಮ ಕಾಸಿಗೆ ಮಾತ್ರ ಮೈಲಿಗೆ ಇರಲಿಲ್ಲ.

1978ರ ಮಳೆಗಾಲ. ಒಂದು ಬೆಳಗ್ಗೆ ಅಪ್ಪ ಟೀ ಕುಡಿದು ಲೋಟ ಜಗಲಿ ಮೇಲಿಟ್ಟು ಎದ್ದ. ತೊಳೀಲಿಲ್ಲ. "ಯಾಕ್ಲಾ, ಕೈ ಬಿದ್ದೋಗದಾ?" ಒಳಗಿಂದ ಯಾರೋ ಕೂಗಿದರು. "ಕಾಸು ಕೊಟ್ಟಿವ್ನಲ್ಲ ಬುದ್ದಿ" ಅಂದು ಬಂದ. ಅಷ್ಟೇ. ಘೋಷಣೆಯಿಲ್ಲ, ಬಾವುಟವಿಲ್ಲ.

ಆ ವಾರ ಕೇರಿಯ ಯಾರನ್ನೂ ನಾಟಿಗೆ ಕರೀಲಿಲ್ಲ. ಅಂಗಡಿ ಸಾಲ ನಿಂತಿತು. ಅವ್ವ ಕೂಲಿಗೆ ಆಚೆ ಊರಿಗೆ ನಡೆದಳು. ರಾತ್ರಿ ಕಾಲು ನೀವಿಕೊಳ್ಳುತ್ತಾ ಕೇಳಿದಳು: "ಒಂದ್ ಲೋಟ ತೊಳುದಿದ್ರೆ ನಿನ್ ಕೈ ಸವುದೋಗ್ತಿತ್ತಾ?" ಅಪ್ಪನಲ್ಲಿ ಉತ್ತರವಿರಲಿಲ್ಲ. ಆದರೆ ಹೋಗಿ ತೊಳೆಯಲೂ ಇಲ್ಲ. ಕೊನೆಗೆ ಅವ್ವನೇ ಕಿವಿಯ ಓಲೆ ಗಿರವಿ ಇಟ್ಟು, ನನಗೊಂದು ಟ್ರಂಕು, ಎರಡು ಜೊತೆ ಬಟ್ಟೆ ತಂದು ತಾಲ್ಲೂಕಿನ ಹಾಸ್ಟೆಲ್ಲಿಗೆ ಬಿಟ್ಟಳು. "ಇಲ್ಲಿದ್ರೆ ಇವನೂ ಲೋಟ ತೊಳೀತಾನೆ" ಅಂದಳು.

ಆ ಹಾಸ್ಟೆಲ್ಲಿನಲ್ಲೇ ನಾನು ಮಹಾಡ್ ಬಗ್ಗೆ ಓದಿದ್ದು. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಚೌದಾರ್ ಕೆರೆಯ ನೀರನ್ನು ಬೊಗಸೆಯಲ್ಲಿ ಕುಡಿದರು. ಕೆರೆ ಎಲ್ಲರಿಗೂ ಮುಕ್ತ ಎಂದು ಪುರಸಭೆ ಮೊದಲೇ ಬರೆದಿಟ್ಟಿತ್ತು. ಕುಡಿಯುವವರು ಬೇಕಿತ್ತು. ಕುಡಿದ ಜನಕ್ಕೆ ಏಟು ಬಿತ್ತು. ಸಗಣಿ ಗಂಜಲ ಸುರಿದು ಕೆರೆಯನ್ನು 'ಶುದ್ಧಿ' ಮಾಡಿದರು. ಆ ನೀರಿನ ಹಕ್ಕನ್ನು ಬಾಂಬೆ ಹೈಕೋರ್ಟು ಎತ್ತಿಹಿಡಿದದ್ದು 1937ರಲ್ಲಿ. ಬೊಗಸೆ ನೀರಿಗೆ ಹತ್ತು ವರ್ಷ! ಅಸ್ಪೃಶ್ಯತೆ ಅಪರಾಧ ಕಾಯ್ದೆ 1955ರಲ್ಲೇ ಬಂದರೂ ನಮ್ಮೂರ ಲೋಟ ಸೂರಿನಲ್ಲೇ ಇತ್ತಲ್ಲ.

ಜಾತಿಯನ್ನು ಶಾಸ್ತ್ರವೊಂದೇ ಕಾಯುತ್ತಿಲ್ಲ. ಈ ಲೋಟ ಒಳಗೆ, ಆ ಲೋಟ ಹೊರಗೆ ಅಂತ ದಿನಾ ಬೆಳಗ್ಗೆ ಒಬ್ಬ ತೀರ್ಮಾನ ಮಾಡುತ್ತಾನೆ. ಇವತ್ತೊಂದಿನ ತೊಳೆದುಬಿಡೋಣ ಅಂತ ನಾವು.

ಇದನ್ನು ಬರೆಯುವ ನಾನೇನು ಸಾಚಾ ಅಲ್ಲ. 1999ರಲ್ಲಿ ಬೆಂಗಳೂರಿನಲ್ಲಿ ಬಾಡಿಗೆ ಮನೆ ಕೇಳುವಾಗ ಓನರಮ್ಮ "ನೀವು ಯಾವ ಜನ?" ಅಂದರು. ನಾನು ಬೇರೆ ಜಾತಿ ಹೇಳಿದೆ. ಒಂದೇ ಮಾತು. ಮನೆ ಸಿಕ್ಕಿತು. ಪಕ್ಕದಲ್ಲಿ ಮಗಳು ನಿಂತಿದ್ದಳು.

ಆಮೇಲೆ ಅವ್ವ ಊರಿಂದ ಬಂದಾಗ ಮಗಳು ಅವಳ ಕಿವಿಯಲ್ಲಿ ಪಿಸುಗುಟ್ಟಿದಳು: "ಅಜ್ಜಿ, ಓನರ್ ಆಂಟಿ ಮುಂದೆ ಮಾತಾಡಬೇಡ." ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನಾನು ತೋರಿಸಿಕೊಟ್ಟಿದ್ದೆ.

ಅವ್ವ ನನ್ನ ಮುಖ ನೋಡಿದಳು. "ನಿಮ್ಮಪ್ಪ ಇಟ್ ಬಂದ ಲೋಟವ ನೀನು ತೊಳುದ್ಬುಟ್ಟಲ್ಲ ಮಗಾ" ಅಂದಳು.

ಮಾರನೇ ದಿನ ಓನರಮ್ಮನಿಗೆ ಇದ್ದದ್ದು ಹೇಳಿದೆ. ತಿಂಗಳಲ್ಲಿ ಮನೆ ಖಾಲಿ ಮಾಡಿಸಿದರು. ಸಾಮಾನು ಏರಿಸುವಾಗ ಮಗಳು "ಯಾಕಪ್ಪಾ?" ಅಂತ ಕೇಳಿದಳು. ಲಾರಿ ಹಿಂದೆ ಕೂತು ಅವಳ ತಾತನ ಲೋಟದ ವಿಷಯ ಹೇಳಿದೆ.