ಲೇಖನಿ ಹಿಡಿದು ಓದಬೇಕಾದ ಪುಸ್ತಕಗಳು

ಕಥೆ-ಚರಿತ್ರೆಗಳ ಪುಸ್ತಕವನ್ನು ಓದುವ ಕ್ರಮ ಬೇರೆ. ಭೌತಶಾಸ್ತ್ರ, ಗಣಿತಗಳ ಪುಸ್ತಕವನ್ನು ಓದುವ ಕ್ರಮ ಬೇರೆ. ಈ ಭೇದವನ್ನು ನಮ್ಮ ಮಕ್ಕಳಿಗೆ ಪ್ರತ್ಯೇಕವಾಗಿ ತಿಳಿಸಿ ಹೇಳುವವರು ವಿರಳ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಕಲಿತು, ಒಳ್ಳೆಯ ಅಂಕಗಳನ್ನು ಪಡೆದು, ಉತ್ಸಾಹದಿಂದ ಪಿ.ಯು.ಸಿ. ವಿಜ್ಞಾನ ವಿಭಾಗವನ್ನು ಸೇರಿದ ಎಷ್ಟೋ ಮಕ್ಕಳು ಮೊದಲ ಕಿರುಪರೀಕ್ಷೆಯಲ್ಲಿಯೇ ಎಡವುತ್ತಾರೆ. "ನನ್ನ ತಲೆಗೆ ಗಣಿತ ಹತ್ತುವುದಿಲ್ಲ" ಎಂದು ತಮ್ಮ ಮೇಲೆ ತಾವೇ ತೀರ್ಪು ಕೊಟ್ಟುಕೊಳ್ಳುತ್ತಾರೆ. ಮನೆಯವರೂ ಅದನ್ನು ನಂಬುತ್ತಾರೆ. ಹದಿನಾರರ ಹರೆಯದಲ್ಲಿ ಹೀಗೆ ಮುಚ್ಚಿದ ಬಾಗಿಲು ಮತ್ತೆ ತೆರೆಯುವುದು ಕಷ್ಟ.

ತಾಲ್ಲೂಕು ಕೇಂದ್ರವೊಂದರಲ್ಲಿ ಅನೇಕ ವರ್ಷ ಭೌತಶಾಸ್ತ್ರವನ್ನು ಬೋಧಿಸಿದ ನಮಗೆ ಈ ತೀರ್ಪು ಬಹುಮಟ್ಟಿಗೆ ಸುಳ್ಳೆಂದು ಕಂಡುಬಂದಿದೆ. ಒಮ್ಮೆ ಒಬ್ಬ ರೈತ ಬಂಧುಗಳು ತಮ್ಮ ಮಗಳನ್ನು ಕಲಾ ವಿಭಾಗಕ್ಕೆ ಬದಲಾಯಿಸಬೇಕೆಂದು ನಮ್ಮಲ್ಲಿಗೆ ಕರೆತಂದರು. ರಾತ್ರಿ ಹನ್ನೊಂದರವರೆಗೂ ಓದುತ್ತಾಳೆ, ಆದರೂ ಅಂಕ ಬರುವುದಿಲ್ಲ ಎಂಬುದು ಅವರ ಅಳಲು. ಹುಡುಗಿಗೆ ಪುಸ್ತಕದ ಒಂದು ಪುಟವನ್ನು ಓದಲು ಹೇಳಿದೆವು. ತಡವರಿಸದೆ ಓದಿದಳು. ಅದರಲ್ಲಿದ್ದ ಸಮೀಕರಣದ ಒಂದೊಂದು ಅಕ್ಷರವೂ ಯಾವುದನ್ನು ಸೂಚಿಸುತ್ತದೆ ಎಂದು ಕೇಳಿದಾಗ ಸುಮ್ಮನಾದಳು. ಆಕೆಯ ಬುದ್ಧಿಯಲ್ಲಿ ಕೊರತೆ ಇರಲಿಲ್ಲ. ಸಮೀಕರಣ ಬಂದ ಕಡೆಯಲ್ಲೆಲ್ಲ ಕಣ್ಣು ಅದನ್ನು ದಾಟಿ ಮುಂದಿನ ವಾಕ್ಯಕ್ಕೆ ಹೋಗುತ್ತಿತ್ತು, ಅಷ್ಟೆ. ಆ ಸಂಜೆ ಆಕೆಗೆ ಹೇಳಿದ ಮಾತುಗಳನ್ನೇ ಇಲ್ಲಿ ವಾಚಕರ ಮುಂದಿಡುತ್ತಿದ್ದೇವೆ.

ಮೊದಲನೆಯದು, ನಿಧಾನ. ಅಧ್ಯಾಯವನ್ನು ಆರಂಭಿಸುವಾಗ ಶೀರ್ಷಿಕೆಗಳನ್ನು, ಚಿತ್ರಗಳನ್ನು, ಕೊನೆಯ ಪ್ರಶ್ನೆಗಳನ್ನು ಹತ್ತು ನಿಮಿಷ ಸುಮ್ಮನೆ ನೋಡಬೇಕು; ಎಲ್ಲಿಗೆ ಹೋಗಬೇಕಾಗಿದೆ ಎಂಬುದು ತಿಳಿದರೆ ದಾರಿ ಸುಗಮವಾಗುತ್ತದೆ. ಆ ಬಳಿಕ ಕೈಯಲ್ಲಿ ಲೇಖನಿ, ಪಕ್ಕದಲ್ಲಿ ಹಾಳೆ ಇಟ್ಟುಕೊಂಡು ಓದಬೇಕು. ಒಂದು ಪುಟಕ್ಕೆ ಅರ್ಧ ಗಂಟೆ ಹಿಡಿದರೂ ನಾಚಿಕೆಪಡಬೇಕಾಗಿಲ್ಲ.

ಎರಡನೆಯದು, ಸಮೀಕರಣವನ್ನು ಒಂದು ವಾಕ್ಯವೆಂದು ಓದುವುದು. ಸರಳರೇಖೆಯಲ್ಲಿ ಒಂದೇ ದಿಕ್ಕಿಗೆ ಚಲಿಸುವ ವಸ್ತುವಿನ ಸೂತ್ರವನ್ನೇ ತೆಗೆದುಕೊಳ್ಳೋಣ. ಆರಂಭಿಕ ವೇಗವನ್ನು ಕಾಲದಿಂದ ಗುಣಿಸಿ, ಅದಕ್ಕೆ ವೇಗೋತ್ಕರ್ಷ ಮತ್ತು ಕಾಲದ ವರ್ಗಗಳ ಗುಣಲಬ್ಧದ ಅರ್ಧವನ್ನು ಕೂಡಿಸಿದರೆ ಕ್ರಮಿಸಿದ ದೂರ ದೊರೆಯುತ್ತದೆ. ಇದನ್ನು ಬಾಯಿಪಾಠ ಮಾಡುವ ಮೊದಲು ನಾಲ್ಕು ಪ್ರಶ್ನೆಗಳನ್ನು ಕೇಳಬೇಕು. ಎರಡು ಭಾಗಗಳೂ ಮೀಟರಿನಲ್ಲಿಯೇ ಬರುತ್ತವೆಯೇ? ವೇಗೋತ್ಕರ್ಷ ಸೊನ್ನೆಯಾದರೆ ಏನು ಉಳಿಯುತ್ತದೆ? ನಿಂತಲ್ಲಿಂದ ಕೈಬಿಟ್ಟ ಕಲ್ಲು 2 ಸೆಕೆಂಡಿನಲ್ಲಿ ಎಷ್ಟು ಬೀಳುತ್ತದೆ? ಈ ಸೂತ್ರ ಯಾವಾಗ ಸಲ್ಲುವುದಿಲ್ಲ? ಮೂರನೆಯ ಪ್ರಶ್ನೆಗೆ ಉತ್ತರ, ಗಾಳಿಯ ತಡೆಯನ್ನು ಗಣನೆಗೆ ತರದಿದ್ದರೆ, ಸುಮಾರು 19.6 ಮೀಟರ್. ನಾಲ್ಕನೆಯದಕ್ಕೆ ಉತ್ತರ, ವೇಗೋತ್ಕರ್ಷವು ಬದಲಾಗುತ್ತಿರುವಾಗ. ಇಷ್ಟಾದ ಮೇಲೆ ವೇಗ-ಕಾಲಗಳ ನಕ್ಷೆಯನ್ನು ಬರೆದು ನೋಡಿದರೆ, ಮೊದಲ ಭಾಗವು ಒಂದು ಆಯತದ ವಿಸ್ತೀರ್ಣವೆಂದೂ ಎರಡನೆಯದು ಅದರ ಮೇಲೆ ಕುಳಿತ ತ್ರಿಭುಜದ ವಿಸ್ತೀರ್ಣವೆಂದೂ ತಿಳಿಯುತ್ತದೆ. ಆ "ಅರ್ಧ" ಎಲ್ಲಿಂದ ಬಂದಿತು ಎಂದು ಕಂಡ ಮಗು ಅದನ್ನು ಮರೆಯುವುದಿಲ್ಲ.

ಗಣಿತದಲ್ಲಿ ವ್ಯಾಖ್ಯೆಯ ಒಂದೊಂದು ಪದವೂ ಕೆಲಸ ಮಾಡುತ್ತಿರುತ್ತದೆ. ಅವಿಭಾಜ್ಯ ಸಂಖ್ಯೆಯು 1ಕ್ಕಿಂತ ದೊಡ್ಡದಾಗಿರಬೇಕು ಎನ್ನುತ್ತಾರೆ. 1ನ್ನು ಏಕೆ ಹೊರಗಿಟ್ಟರು? ಅದನ್ನು ಸೇರಿಸಿಕೊಂಡರೆ 6 ಎಂಬುದು 2 ಮತ್ತು 3ರ ಗುಣಲಬ್ಧವೂ ಆಗುತ್ತದೆ, 1, 2 ಮತ್ತು 3ರ ಗುಣಲಬ್ಧವೂ ಆಗುತ್ತದೆ. ಸಂಖ್ಯೆಯನ್ನು ಅವಿಭಾಜ್ಯಗಳಾಗಿ ಒಡೆಯುವ ದಾರಿ ಒಂದೇ ಎಂಬ ಮಾತು ಕೆಡುತ್ತದೆ. 2ರ ವರ್ಗಮೂಲವು ಅಭಾಗಲಬ್ಧವೆಂದು ಸಾಧಿಸುವಾಗ, ಅದನ್ನು ಸಾಮಾನ್ಯ ಅಪವರ್ತನವಿಲ್ಲದ ಭಿನ್ನರಾಶಿಯೆಂದು ಮೊದಲು ಊಹಿಸುತ್ತೇವೆ. ಆ "ಸಾಮಾನ್ಯ ಅಪವರ್ತನವಿಲ್ಲದ" ಎಂಬ ಮಾತನ್ನು ಅಳಿಸಿ, ಸಾಧನೆಯನ್ನು ಮತ್ತೆ ಓದಲಿ. ಅಂಶ, ಛೇದ ಎರಡೂ ಸಮಸಂಖ್ಯೆಗಳೆಂದು ಬಂದ ಕಡೆ ವಿರೋಧವೇ ಇಲ್ಲದೆ ಸಾಧನೆ ನಿಂತುಹೋಗುವುದು ಕಾಣುತ್ತದೆ. ಆಗ ಆ ಪದದ ಬೆಲೆ ತಿಳಿಯುತ್ತದೆ.

ಮೂರನೆಯದು, ಬಿಡಿಸಿ ತೋರಿಸಿದ ಲೆಕ್ಕಗಳನ್ನು ಓದುವ ಬಗೆ. ಪ್ರಶ್ನೆಯನ್ನು ಓದಿದೊಡನೆ ಉತ್ತರದ ಮೇಲೆ ಒಂದು ಕಾಗದ ಮುಚ್ಚಬೇಕು. ತಾನು ಹೋಗುವಷ್ಟು ದೂರ ಹೋಗಿ, ನಿಂತಾಗ ಕಾಗದವನ್ನು ಒಂದು ಸಾಲಿನಷ್ಟು ಮಾತ್ರ ಸರಿಸಬೇಕು. ಪ್ರತಿ ಹೆಜ್ಜೆಗೂ "ಇದು ಏಕೆ?" ಎಂದು ತನಗೆ ತಾನೇ ವಿವರಿಸಿಕೊಳ್ಳಬೇಕು. ಅಮೆರಿಕದ ಮಿಷೆಲೀನ್ ಚೀ ಮತ್ತು ಅವರ ಸಂಗಡಿಗರು ನ್ಯೂಟನ್ನನ ನಿಯಮಗಳನ್ನು ಕಲಿಯುತ್ತಿದ್ದ ವಿದ್ಯಾರ್ಥಿಗಳನ್ನು ಪರಿಶೀಲಿಸಿ 1989ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಲೆಕ್ಕಗಳನ್ನು ಚೆನ್ನಾಗಿ ಬಿಡಿಸಿದವರು ಹೀಗೆ ಹೆಚ್ಚಾಗಿ ವಿವರಿಸಿಕೊಂಡವರೇ ಎಂಬುದು ಕಂಡುಬಂದಿತು.

ನಾಲ್ಕನೆಯದು, ಪುಸ್ತಕ ಮುಚ್ಚಿ ಬರೆಯುವುದು. ಮತ್ತೆ ಮತ್ತೆ ಓದಿದಾಗ ಪುಟ ಪರಿಚಿತವಾಗುತ್ತದೆ. ಆ ಪರಿಚಯವನ್ನೇ ಮಕ್ಕಳು ತಿಳಿವಳಿಕೆಯೆಂದು ಭಾವಿಸುತ್ತಾರೆ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಮನಶ್ಶಾಸ್ತ್ರಜ್ಞರು ಪ್ರಕಟಿಸಿದ ಪ್ರಯೋಗದಲ್ಲಿ, ವಿಜ್ಞಾನ ವಿಷಯದ ಒಂದು ಪಾಠವನ್ನು ಎರಡು ಸಲ ಓದಿದವರು ಐದು ನಿಮಿಷದ ನಂತರ ಮುಂದಿದ್ದರು. ಒಂದು ವಾರದ ನಂತರ ಅವರಿಗೆ ನೆನಪಿದ್ದುದು ಶೇಕಡಾ 42ರಷ್ಟು. ಒಂದು ಸಲ ಓದಿ, ಪುಸ್ತಕ ನೋಡದೆ ನೆನೆದು ಬರೆದವರಿಗೆ ಶೇಕಡಾ 56ರಷ್ಟು. ಆದ್ದರಿಂದ ಸೂತ್ರದ ಸಾಧನೆಯನ್ನು ಅಂದೇ ನೋಡದೆ ಬರೆಯಲಿ, ಮರುದಿನ ಒಮ್ಮೆ, ವಾರದ ನಂತರ ಮತ್ತೊಮ್ಮೆ ಬರೆಯಲಿ. ಸಿಕ್ಕಿಕೊಂಡ ಹೆಜ್ಜೆಗೆ ಗುರುತು ಹಾಕಿ ಅದನ್ನೇ ಅಧ್ಯಾಪಕರಲ್ಲಿ ಕೇಳಲಿ. "ಪಾಠ ಅರ್ಥವಾಗಲಿಲ್ಲ" ಎನ್ನುವುದಕ್ಕಿಂತ "ಮೂರನೆಯ ಸಾಲಿನಿಂದ ನಾಲ್ಕನೆಯದು ಹೇಗೆ ಬಂದಿತು?" ಎಂದು ಕೇಳಿದ ವಿದ್ಯಾರ್ಥಿಗೆ ಬೇಗ ಸಮಾಧಾನ ದೊರೆಯುತ್ತದೆ.

ಕನ್ನಡ ಮಾಧ್ಯಮದಿಂದ ಬಂದವರು ಇನ್ನೊಂದು ಕೆಲಸ ಮಾಡಬೇಕು. ಒಂದು ಪುಟ್ಟ ಪುಸ್ತಕದಲ್ಲಿ ಇಂಗ್ಲಿಷ್ ಪದ, ಅದರ ಕನ್ನಡ ಪದ, ಒಂದು ಉದಾಹರಣೆ, ಈ ಮೂರನ್ನೂ ಬರೆದಿಟ್ಟುಕೊಳ್ಳಬೇಕು. ವೇಗೋತ್ಕರ್ಷವನ್ನು ಕನ್ನಡದಲ್ಲಿ ಅರಿತವರಿಗೆ ಇಂಗ್ಲಿಷಿನಲ್ಲಿ ಕಲಿಯಬೇಕಾದುದು ಒಂದು ಹೆಸರು ಮಾತ್ರ.

ತಂದೆತಾಯಿಯರಲ್ಲಿ ನಮ್ಮ ಬಿನ್ನಹವಿಷ್ಟೆ. ಮಗು ಎಷ್ಟು ಗಂಟೆ ಓದಿತು ಎಂದು ಎಣಿಸಬೇಡಿರಿ. ರಾತ್ರಿ ಊಟವಾದ ಮೇಲೆ, "ಇಂದು ಕಲಿತದ್ದನ್ನು ನನಗೆ ತಿಳಿಯುವ ಹಾಗೆ ಹೇಳಪ್ಪ, ಹೇಳವ್ವ" ಎಂದು ಕೇಳಿರಿ. ಕೇಳುವವರು ವಿದ್ಯಾವಂತರೇ ಆಗಬೇಕೆಂದಿಲ್ಲ. ಅಜ್ಜಿಗೆ ಹೇಳಲು ಹೊರಟ ಮಗುವಿಗೆ ತನಗೆ ತಿಳಿದದ್ದೆಷ್ಟು, ತಿಳಿಯದ್ದೆಷ್ಟು ಎಂಬುದು ಮಾತಿನ ನಡುವೆಯೇ ಗೊತ್ತಾಗುತ್ತದೆ. ಮೇಲೆ ಹೇಳಿದ ಹುಡುಗಿ ವಿಜ್ಞಾನ ವಿಭಾಗದಲ್ಲಿಯೇ ಉಳಿದಳು. ಆರು ತಿಂಗಳು ತಾಯಿ ಪ್ರತಿ ರಾತ್ರಿ ರೊಟ್ಟಿ ಬಡಿಯುತ್ತ ಆಕೆಯ ಪಾಠ ಕೇಳಿದರು. ಈಗ ಆಕೆ ಪ್ರೌಢಶಾಲೆಯಲ್ಲಿ ಗಣಿತದ ಅಧ್ಯಾಪಕಿ. "ತಲೆಗೆ ಹತ್ತುವುದಿಲ್ಲ" ಎಂಬ ತೀರ್ಪಿಗೆ ಸಹಿ ಹಾಕುವ ಮೊದಲು, ಪ್ರತಿ ಮನೆಯಲ್ಲಿಯೂ ಒಂದು ಹಾಳೆ, ಒಂದು ಲೇಖನಿ, ಕೇಳುವ ಒಂದು ಕಿವಿ ಇವೆಯೇ ಎಂದು ನೋಡುವುದು ಹಿರಿಯರಾದ ನಮ್ಮೆಲ್ಲರ ಕರ್ತವ್ಯ.